ಕೊಡಗಿನ ಸಣ್ಣ ವ್ಯಾಪಾರಕ್ಕೆ ಗ್ರಾಹಕ ನಿರ್ವಹಣಾ ತಂತ್ರಾಂಶ: ಆರಿಸುವ ಕ್ರಮ, ಪರೀಕ್ಷಿಸುವ ವಿಧಾನ

ಹೋಂಸ್ಟೇ ನಡೆಸುವವರು, ಕಾಫಿ ಪುಡಿ, ಕರಿಮೆಣಸು, ಜೇನನ್ನು ಹೊರ ಊರಿಗೆ ಕೊರಿಯರ್ ಮಾಡುವವರು, ತೋಟದ ಯಂತ್ರಗಳನ್ನು ಮಾರಿ ರಿಪೇರಿ ಮಾಡಿಕೊಡುವವರು ಎಲ್ಲರಿಂದಲೂ ಕೇಳಿಬರುವ ದೂರು ಒಂದೇ: ವರ್ಷದ ಹಣ ಕಟ್ಟಿ ತೆಗೆದುಕೊಂಡ ಸಿಆರ್‌ಎಂ (ಗ್ರಾಹಕ ನಿರ್ವಹಣಾ ತಂತ್ರಾಂಶ) ಕೆಲವೇ ತಿಂಗಳಲ್ಲಿ ಮೂಲೆ ಸೇರಿದೆ, ಕೆಲಸ ಮತ್ತೆ ನೋಟ್‌ಬುಕ್ಕಿಗೂ ವಾಟ್ಸ್‌ಆ್ಯಪ್‌ಗೂ ಮರಳಿದೆ. ಇಂಥ ಕಡೆಗಳಲ್ಲಿ ತಂತ್ರಾಂಶವೇ ಕೆಟ್ಟದ್ದಾಗಿರುವುದು ಅಪರೂಪ. ತಪ್ಪಿರುವುದು ಕೆಲಸದ ಕ್ರಮ. ಮೊದಲು ಡೆಮೊ ನೋಡುತ್ತಾರೆ, ಆಮೇಲೆ ಹಣ ಕಟ್ಟುತ್ತಾರೆ, ಆಮೇಲೆ ಗ್ರಾಹಕರ ಪಟ್ಟಿ ಎಲ್ಲಿದೆ ಎಂದು ಹುಡುಕುತ್ತಾರೆ, ನಮಗೆ ಬೇಕಾಗಿದ್ದೇನು ಎಂಬ ಪ್ರಶ್ನೆ ಎಲ್ಲಕ್ಕಿಂತ ಕೊನೆಗೆ ಬರುತ್ತದೆ. ಇಲ್ಲಿನ ಹಂತಗಳು ಈ ಕ್ರಮವನ್ನು ತಿರುಗಿಸುತ್ತವೆ. ಯಾವ ಹಂತವನ್ನೂ ಬಿಟ್ಟು ಮುಂದಿನದಕ್ಕೆ ಹೋಗಬಾರದು, ಮುಖ್ಯವಾಗಿ ಮೂರನೆಯದನ್ನು.

## ಆರಂಭಿಸುವ ಮೊದಲು ಬೇಕಾಗುವವು

ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್ ಇರುವ ಒಂದು ಕಂಪ್ಯೂಟರ್, ಗ್ರಾಹಕರ ನಂಬರುಗಳಿರುವ ಎಲ್ಲ ಫೋನುಗಳು, ಬಿಲ್ ಪುಸ್ತಕಗಳು, ಹೋಂಸ್ಟೇ ಆಗಿದ್ದರೆ ಅತಿಥಿಗಳ ರಿಜಿಸ್ಟರ್ ಇವನ್ನು ಒಂದೆಡೆ ಸೇರಿಸಿಕೊಳ್ಳಬೇಕು. ವ್ಯಾಪಾರದ ಹೆಸರಿನಲ್ಲಿ ಹೊಸ ಇಮೇಲ್ ಖಾತೆಯೊಂದನ್ನು ತೆರೆಯಬೇಕು. ಕೆಲಸದ ಹುಡುಗನ ಇಮೇಲ್‌ನಲ್ಲಿ ನೋಂದಾಯಿಸಿ, ಅವನು ಕೆಲಸ ಬಿಟ್ಟ ಮೇಲೆ ಪಾಸ್‌ವರ್ಡ್‌ಗಾಗಿ ಪರದಾಡುವ ಪಾಡು ಇದೊಂದರಿಂದಲೇ ತಪ್ಪುತ್ತದೆ.

ಸಮಯದ ಆಯ್ಕೆಯೂ ಮುಖ್ಯ. ದಸರಾದಿಂದ ಹೊಸ ವರ್ಷದವರೆಗೆ ಪ್ರವಾಸಿಗರ ದಟ್ಟಣೆ, ಅದರ ನಡುವೆಯೇ ಕಾಫಿ ಕೊಯ್ಲು ಶುರು, ಬೇಸಿಗೆ ರಜೆಯಲ್ಲಿ ಮತ್ತೆ ಅತಿಥಿಗಳು. ಈ ತಿಂಗಳುಗಳಲ್ಲಿ ಹೊಸ ವ್ಯವಸ್ಥೆಯನ್ನು ತರಬಾರದು. ಜೂನ್, ಜುಲೈ ಸೂಕ್ತ. ಕೆಲಸ ಕಡಿಮೆ ಇರುತ್ತದೆ, ಜೊತೆಗೆ ಕರೆಂಟ್ ಹೋಗಿ ನೆಟ್‌ವರ್ಕ್ ಕೈಕೊಡುವ ದಿನಗಳಲ್ಲಿ ಆ ತಂತ್ರಾಂಶ ಹೇಗೆ ನಡೆಯುತ್ತದೆ ಎಂಬುದು ಹಣ ಕಟ್ಟುವ ಮೊದಲೇ ಗೊತ್ತಾಗುತ್ತದೆ.

## ಹಂತ 1: ಸಿಆರ್‌ಎಂ ನಿಜವಾಗಿ ಬೇಕೇ ಎಂದು ತೀರ್ಮಾನಿಸುವುದು

ಒಂದೇ ಫೋನ್, ಅದನ್ನು ಎತ್ತುವವರೂ ಒಬ್ಬರೇ, ಗ್ರಾಹಕರು ನೂರಿನ್ನೂರು ಮಂದಿ ಎಂದಾದರೆ ವಾಟ್ಸ್‌ಆ್ಯಪ್ ಬಿಸಿನೆಸ್ ಆ್ಯಪ್‌ನ ಲೇಬಲ್‌ಗಳು ಮತ್ತು ಒಂದು ಗೂಗಲ್ ಶೀಟ್ ಸಾಕು. ಇಷ್ಟಕ್ಕೇ ನಿಂತರೆ ಅದು ಹಿಂದುಳಿದ ವ್ಯಾಪಾರವೇನಲ್ಲ.

ಸಿಆರ್‌ಎಂ ಬೇಕಾಗಿದೆ ಎಂಬುದಕ್ಕೆ ಗುರುತುಗಳು ಬೇರೆ. ಒಬ್ಬರೇ ಅತಿಥಿಗೆ ಮನೆಯ ಇಬ್ಬರು ಎರಡು ದರ ಹೇಳಿರುತ್ತಾರೆ. ಅಡ್ವಾನ್ಸ್ ಬಂದಿರುತ್ತದೆ, ಆದರೆ ಯಾರ ಹೆಸರಿಗೆ ಎಂದು ಫೋನಿನಲ್ಲಿ ಹುಡುಕಬೇಕಾಗುತ್ತದೆ. ಪ್ರತಿ ತಿಂಗಳೂ ಪುಡಿ ತರಿಸುತ್ತಿದ್ದ ಬೆಂಗಳೂರಿನ ಮನೆಯೊಂದು ನಿಲ್ಲಿಸಿ ಅರ್ಧ ವರ್ಷವಾದರೂ ಯಾರ ಗಮನಕ್ಕೂ ಬಂದಿರುವುದಿಲ್ಲ. ಇವುಗಳಲ್ಲಿ ಎರಡಾದರೂ ನಿಮ್ಮಲ್ಲಿ ನಡೆಯುತ್ತಿದ್ದರೆ ಮುಂದುವರಿಯಿರಿ.

ಅತಿ ಸಾಮಾನ್ಯವಾದ ತಪ್ಪು ನಡೆಯುವುದೂ ಇಲ್ಲೇ. ಬಿಲ್ಲಿಂಗ್ ತಂತ್ರಾಂಶ, ಕೊಠಡಿ ಬುಕಿಂಗ್ ತಂತ್ರಾಂಶ ಮತ್ತು ಸಿಆರ್‌ಎಂ ಮೂರೂ ಬೇರೆ ಬೇರೆ. ಜಿಎಸ್‌ಟಿ ಬಿಲ್ ಮತ್ತು ದಾಸ್ತಾನಿನ ಲೆಕ್ಕ ಟ್ಯಾಲಿಯಂಥ ಲೆಕ್ಕಪತ್ರ ತಂತ್ರಾಂಶದ ಕೆಲಸ. ಎರಡು ಬುಕಿಂಗ್ ಜಾಲತಾಣಗಳಿಂದ ಒಂದೇ ಕೊಠಡಿಗೆ ಒಂದೇ ದಿನ ಇಬ್ಬರು ಬರುವುದನ್ನು ತಡೆಯುವುದು ಚಾನೆಲ್ ಮ್ಯಾನೇಜರ್ ಎಂಬ ಬೇರೆ ಸಾಧನ. ಸಿಆರ್‌ಎಂ ಹೇಳುವುದು ಯಾರು ಕೇಳಿದರು, ನಾವೇನು ಹೇಳಿದೆವು, ಮುಂದೆ ಯಾವಾಗ ಮಾತಾಡಬೇಕು ಎಂಬುದನ್ನು ಮಾತ್ರ. ಡಬಲ್ ಬುಕಿಂಗ್ ನಿಲ್ಲಲಿ ಎಂದು ಸಿಆರ್‌ಎಂ ಕೊಂಡ ಹೋಂಸ್ಟೇಯವರಿಗೆ ಅದು ಎಂದಿಗೂ ತೃಪ್ತಿ ಕೊಡದು.

## ಹಂತ 2: ವಿಚಾರಣೆ ಸಾಗುವ ದಾರಿಯನ್ನು ಬರೆಯುವುದು

ಒಂದು ಬಿಳಿ ಹಾಳೆಯ ಮೇಲೆ, ಮೊದಲ ಫೋನ್ ಕರೆಯಿಂದ ಹಣ ಕೈಸೇರುವವರೆಗೆ ಏನೇನು ನಡೆಯುತ್ತದೆ ಎಂದು ಬರೆಯಬೇಕು. ಹೋಂಸ್ಟೇಯಲ್ಲಿ ಅದು ವಿಚಾರಿಸಿದರು, ದರ ತಿಳಿಸಿದೆವು, ಅಡ್ವಾನ್ಸ್ ಬಂತು, ಬಂದು ಹೋದರು ಎಂಬ ನಾಲ್ಕು ಘಟ್ಟಗಳಲ್ಲಿ ಮುಗಿಯುತ್ತದೆ. ಐದಾರಕ್ಕಿಂತ ಹೆಚ್ಚು ಘಟ್ಟ ಬರೆದರೆ ಅವನ್ನು ದಿನವೂ ಬದಲಿಸುತ್ತ ಕೂರುವವರು ಯಾರೂ ಸಿಗುವುದಿಲ್ಲ.

ನಂತರ ಪ್ರತಿ ಗ್ರಾಹಕರ ಬಗ್ಗೆ ತಿಳಿದಿರಲೇಬೇಕಾದ ವಿವರಗಳು. ಕಾಫಿ ಪುಡಿಯವರಿಗೆ ಚಿಕೋರಿ ಎಷ್ಟು, ಪುಡಿ ಫಿಲ್ಟರಿಗೋ ಯಂತ್ರಕ್ಕೋ, ತಿಂಗಳಿಗೆ ಎಷ್ಟು, ಕಳೆದ ಬಾರಿ ಕಳುಹಿಸಿದ್ದು ಯಾವಾಗ ಎಂಬ ನಾಲ್ಕು ವಿವರ ಸಾಕು. ತಿಂಗಳಿಗೆ ಒಂದು ಕಿಲೋ ತರಿಸುವವರಿಗೆ ಇಪ್ಪತ್ತೈದನೆಯ ದಿನ ನೆನಪಿಸುವ ಕೆಲಸ ಈ ಕೊನೆಯ ವಿವರದಿಂದಲೇ ಆಗಬೇಕು. ಅದನ್ನು ತಾನಾಗಿ ಮಾಡಲಾರದ ತಂತ್ರಾಂಶ ಪುಡಿ ವ್ಯಾಪಾರಕ್ಕೆ ಬೇಡ. ಯಂತ್ರ ಮಾರುವವರಿಗೆ ಮಾದರಿ, ಕೊಂಡ ದಿನ, ವಾರಂಟಿ ಮುಗಿಯುವ ದಿನ ಬೇಕು. ಹುಟ್ಟಿದ ದಿನ, ಮದುವೆಯ ದಿನ ಎಂದೆಲ್ಲ ಕಾಲಂ ಸೇರಿಸುವ ಆಸೆ ಬರುತ್ತದೆ. ಆರು ತಿಂಗಳ ನಂತರ ನೋಡಿದರೆ ಅವು ಖಾಲಿ ಬಿದ್ದಿರುತ್ತವೆ.

## ಹಂತ 3: ಗ್ರಾಹಕರ ಪಟ್ಟಿಯನ್ನು ಶುದ್ಧಗೊಳಿಸುವುದು

ಬಹುತೇಕರು ಸೋಲುವುದು ಈ ಹಂತದಲ್ಲಿ. ಕೊಳೆ ಪಟ್ಟಿಯನ್ನು ಹಾಕಿದರೆ ಎಂಥ ದುಬಾರಿ ತಂತ್ರಾಂಶವೂ ಕೊಳೆಯನ್ನೇ ತೋರಿಸುತ್ತದೆ. ಆದ್ದರಿಂದ ಈ ಕೆಲಸಕ್ಕೆ ಒಂದು ವಾರವಾದರೂ ಆಗಲಿ, ಅವಸರ ಬೇಡ.

ಮೊದಲನೆಯದು ಮೊಬೈಲ್ ನಂಬರ್. ಹೆಸರು ಎಷ್ಟು ಬಗೆಯಲ್ಲಾದರೂ ಬರೆಯಬಹುದು, ನಂಬರ್ ಒಂದೇ ಬಗೆ. ಆದ್ದರಿಂದ ಗ್ರಾಹಕರನ್ನು ಗುರುತಿಸುವ ಮೂಲ ಆಧಾರ ಅದೇ ಆಗಿರಬೇಕು. ಎಕ್ಸೆಲ್‌ನಲ್ಲಿ ನಂಬರಿನ ಕಾಲಂ ಅನ್ನು ಬರೆಯಲು ಆರಂಭಿಸುವ ಮೊದಲೇ ‘ಟೆಕ್ಸ್ಟ್’ ಮಾದರಿಗೆ ಬದಲಿಸಬೇಕು. ಹಾಗೆ ಮಾಡದೆ 91 ಸೇರಿಸಿ ಹನ್ನೆರಡು ಅಂಕಿಗಳನ್ನು ಬರೆದರೆ ಎಕ್ಸೆಲ್ ಅದನ್ನು ದೊಡ್ಡ ಸಂಖ್ಯೆಯೆಂದು ತಿಳಿದು, 9.19ರ ಮುಂದೆ ಇಂಗ್ಲಿಷಿನ ಇ ಅಕ್ಷರ ಹಾಕಿ ಚುಟುಕಾಗಿ ತೋರಿಸುತ್ತದೆ. ಆ ಸ್ಥಿತಿಯಲ್ಲೇ ಸಿಎಸ್‌ವಿ ಕಡತವಾಗಿ (ತಂತ್ರಾಂಶಕ್ಕೆ ಪಟ್ಟಿ ಸೇರಿಸಲು ಬಳಸುವ ಸರಳ ಪಠ್ಯದ ಕಡತ) ಉಳಿಸಿದರೆ ಕೊನೆಯ ಅಂಕಿಗಳು ಹೋದವೆಂದೇ ಲೆಕ್ಕ. ಪಟ್ಟಿಯಲ್ಲಿ ಹತ್ತಾರು ಗ್ರಾಹಕರಿಗೆ ಒಂದೇ ರೀತಿಯ ಮೊಟಕು ನಂಬರ್ ಕಂಡರೆ ಅಲ್ಲಿಯೇ ನಿಲ್ಲಿಸಿ ಮೂಲ ಕಡತಕ್ಕೆ ಮರಳಬೇಕು.

ಎರಡನೆಯದು ಹೆಸರು. ಕೊಡಗಿನಲ್ಲಿ ಇದು ಇತರೆಡೆಗಿಂತ ಹೆಚ್ಚು ತೊಡಕಿನ ವಿಷಯ. ಹೊರದೇಶದ ಪದ್ಧತಿಯಂತೆ ರೂಪಿಸಿದ ತಂತ್ರಾಂಶಗಳು ‘ಮೊದಲ ಹೆಸರು’, ‘ಕೊನೆಯ ಹೆಸರು’ ಎಂಬ ಎರಡು ಅಂಕಣ ಕೊಟ್ಟು, ಅನೇಕ ಕಡೆ ಕೊನೆಯ ಹೆಸರನ್ನು ಕಡ್ಡಾಯ ಮಾಡಿರುತ್ತವೆ. ಕೊಡವ ಹೆಸರುಗಳಲ್ಲಿ ಒಕ್ಕದ (ಮನೆತನದ) ಹೆಸರು ಮೊದಲು ಬಂದು ವ್ಯಕ್ತಿಯ ಹೆಸರು ಕೊನೆಗೆ ಬರುತ್ತದೆ. ಒಬ್ಬರು ಒಕ್ಕದ ಹೆಸರನ್ನು ಮೊದಲ ಅಂಕಣಕ್ಕೂ, ಇನ್ನೊಬ್ಬರು ಎರಡನೆಯದಕ್ಕೂ ಹಾಕುತ್ತ ಹೋದರೆ ಹುಡುಕಾಟ ಕೆಡುತ್ತದೆ. ‘ಬೋಪಣ್ಣ’ ಎಂದು ಹುಡುಕಿದಾಗ ಹತ್ತು ಮಂದಿ ಬರುತ್ತಾರೆ, ಬೇಕಾದವರೊಬ್ಬರು ಮಾತ್ರ ಬರುವುದಿಲ್ಲ. ಪೂರ್ಣ ಹೆಸರನ್ನು, ಅವರು ಹೇಳಿಕೊಳ್ಳುವ ಕ್ರಮದಲ್ಲೇ, ಕಡ್ಡಾಯವಿರುವ ಆ ಒಂದು ಅಂಕಣದಲ್ಲಿ ಬರೆದು ಇನ್ನೊಂದನ್ನು ಖಾಲಿ ಬಿಡುವುದೇ ನನ್ನ ಸಲಹೆ. ಜೊತೆಗೆ ‘ಊರು’ ಎಂಬ ಅಂಕಣವಿರಲಿ: ಗೋಣಿಕೊಪ್ಪಲಿನ ಬೋಪಣ್ಣ ಯಾರು, ನಾಪೋಕ್ಲುವಿನ ಬೋಪಣ್ಣ ಯಾರು ಎಂಬುದು ಅದರಿಂದ ತಿಳಿಯುತ್ತದೆ.

ಹೆಸರನ್ನು ಕನ್ನಡದಲ್ಲಿ ಬರೆಯುವುದೋ ಇಂಗ್ಲಿಷಿನಲ್ಲೋ ಎಂಬುದನ್ನೂ ಈಗಲೇ ನಿರ್ಧರಿಸಿ, ಎಲ್ಲರೂ ಅದನ್ನೇ ಪಾಲಿಸಬೇಕು. ಹಳೆಯ ಕಂಪ್ಯೂಟರಿನಲ್ಲಿ ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿಟ್ಟ ಪಟ್ಟಿಯಿದ್ದರೆ ಅದನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು. ಇಲ್ಲದಿದ್ದರೆ ಆನ್‌ಲೈನ್‌ನಲ್ಲಿ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಯೂನಿಕೋಡ್ ಪಟ್ಟಿಯನ್ನು ಉಳಿಸುವಾಗಲೂ ‘ಸಿಎಸ್‌ವಿ ಯುಟಿಎಫ್-8’ ಎಂಬ ಆಯ್ಕೆಯನ್ನೇ ಬಳಸಬೇಕು. ಬರೀ ಸಿಎಸ್‌ವಿ ಎಂದು ಉಳಿಸಿದರೆ ಕನ್ನಡದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಉಳಿಯುತ್ತವೆ.

ಮೂರನೆಯದು ದಿನಾಂಕ. 5-6-2025 ನಮಗೆ ಜೂನ್ ಐದು. ಅಮೆರಿಕದ ಪದ್ಧತಿಗೆ ಹೊಂದಿಸಿದ ತಂತ್ರಾಂಶಕ್ಕೆ ಅದು ಮೇ ಆರು. ಮೊದಲು ವರ್ಷ, ನಂತರ ತಿಂಗಳು, ಕೊನೆಗೆ ದಿನ ಬರುವಂತೆ 2025-06-05 ಎಂದು ಬರೆದರೆ ಗೊಂದಲಕ್ಕೆ ಎಡೆಯಿಲ್ಲ. ಇದನ್ನು ಕಡೆಗಣಿಸಿದರೆ ತಪ್ಪು ಗೊತ್ತಾಗುವುದು ವಾರಂಟಿ ಮುಗಿದವರಿಗೆ ಸೇವೆಯ ಸಂದೇಶ ಹೋದ ಮೇಲೆ.

ಕೊನೆಗೆ, ನಂಬರಿನ ಕಾಲಂ ಆಧರಿಸಿ ಎರಡೆರಡು ಬಾರಿ ಬಂದ ಹೆಸರುಗಳನ್ನು ತೆಗೆದುಹಾಕಿ, ‘ಸಂದೇಶ ಕಳುಹಿಸಲು ಒಪ್ಪಿದ್ದಾರೆಯೇ’ ಎಂಬ ಒಂದು ಕಾಲಂ ಸೇರಿಸಿ. ಅದರ ಅಗತ್ಯ ಏಳನೆಯ ಹಂತದಲ್ಲಿ ತಿಳಿಯುತ್ತದೆ.

## ಹಂತ 4: ಷರತ್ತುಗಳನ್ನು ಬರೆದು ಮೂರನ್ನು ಆರಿಸುವುದು

ಈಗ ಮಾತ್ರ ತಂತ್ರಾಂಶಗಳ ಹೆಸರು ನೋಡಬೇಕು. ಚೆನ್ನೈ ಮೂಲದ ಜೋಹೊ ಸಂಸ್ಥೆಯ ಜೋಹೊ ಸಿಆರ್‌ಎಂ, ಅದೇ ಸಂಸ್ಥೆ ಸಣ್ಣ ವ್ಯಾಪಾರಗಳಿಗೆಂದು ಮಾಡಿರುವ ಬಿಗಿನ್, ಚೆನ್ನೈಯಲ್ಲೇ ಆರಂಭವಾದ ಫ್ರೆಶ್‌ವರ್ಕ್ಸ್‌ನ ಫ್ರೆಶ್‌ಸೇಲ್ಸ್, ಅಮೆರಿಕದ ಹಬ್‌ಸ್ಪಾಟ್, ಮುಕ್ತ ಮೂಲದ ಆವೃತ್ತಿಯೂ ಇರುವ ಓಡೂ ಇವು ಸಾಮಾನ್ಯವಾಗಿ ಎದುರಾಗುವ ಹೆಸರುಗಳು. ಸೇಲ್ಸ್‌ಫೋರ್ಸ್ ದೊಡ್ಡ ಸಂಸ್ಥೆಗಳ ಹೆಸರು. ನಾಲ್ಕು ಕೊಠಡಿಯ ಹೋಂಸ್ಟೇಗೆ ಅದರ ಗೊಡವೆ ಬೇಡ.

ಕಡ್ಡಾಯ ಷರತ್ತುಗಳು ಕೆಲವೇ ಇರಲಿ, ಆದರೆ ಅವುಗಳಲ್ಲಿ ರಾಜಿ ಬೇಡ. ನೆಟ್‌ವರ್ಕ್ ಇಲ್ಲದಾಗಲೂ ಮೊಬೈಲ್ ಆ್ಯಪ್‌ನಲ್ಲಿ ಗ್ರಾಹಕರ ವಿವರ ಕಾಣಬೇಕು, ಹೊಸ ವಿಚಾರಣೆ ಬರೆಯಲು ಬರಬೇಕು. ಕನ್ನಡದಲ್ಲಿ ಬರೆದದ್ದನ್ನು ಕನ್ನಡದಲ್ಲೇ ಹುಡುಕಲು ಸಾಧ್ಯವಾಗಬೇಕು. ಇಡೀ ಪಟ್ಟಿಯನ್ನು, ಟಿಪ್ಪಣಿಗಳ ಸಮೇತ, ಯಾರನ್ನೂ ಕೇಳದೆ ಹೊರತೆಗೆಯಲು ಅವಕಾಶವಿರಬೇಕು. ಮಾಲೀಕರು ಬಿಟ್ಟು ಬೇರೆಯವರು ಪಟ್ಟಿಯನ್ನು ಇಳಿಸಿಕೊಳ್ಳದಂತೆ ತಡೆಯಲು ಬರಬೇಕು. ಈ ನಾಲ್ಕರಲ್ಲಿ ಒಂದು ಇಲ್ಲದಿದ್ದರೂ ಆ ಹೆಸರನ್ನು ಹೊಡೆದುಹಾಕಿ, ಉಳಿದವುಗಳಲ್ಲಿ ಮೂರನ್ನು ಮಾತ್ರ ಇಟ್ಟುಕೊಳ್ಳಿ.

ಉಚಿತ ಆವೃತ್ತಿಗಳಿಂದ ಆರಂಭಿಸುವುದರಲ್ಲಿ ತಪ್ಪಿಲ್ಲ. ಆದರೆ ಮಿತಿ ಯಾವುದರ ಮೇಲಿದೆ ಎಂದು ನೋಡಬೇಕು. ಬಳಕೆದಾರರ ಸಂಖ್ಯೆಯ ಮೇಲಿನ ಮಿತಿಯನ್ನು ಸಣ್ಣ ಅಂಗಡಿ ತಾಳಿಕೊಳ್ಳುತ್ತದೆ. ನೆನಪೋಲೆ ತಾನಾಗಿ ಹೋಗುವ ಸೌಲಭ್ಯವನ್ನೇ ತೆಗೆದಿಟ್ಟಿದ್ದರೆ ಆ ಉಚಿತದಿಂದ ಉಪಯೋಗವಿಲ್ಲ.

## ಹಂತ 5: ನಿಜವಾದ ಖರ್ಚನ್ನು ಲೆಕ್ಕ ಹಾಕುವುದು

ಜಾಹೀರಾತಿನಲ್ಲಿ ಕಾಣುವ ದರ ಸಾಮಾನ್ಯವಾಗಿ ಒಬ್ಬ ಬಳಕೆದಾರರಿಗೆ, ಒಂದು ತಿಂಗಳಿಗೆ, ಅದೂ ವರ್ಷದ ಹಣವನ್ನು ಒಟ್ಟಿಗೆ ಕಟ್ಟಿದರೆ. ಉದಾಹರಣೆಗೆ ಆ ದರ 800 ರೂಪಾಯಿ ಎಂದು ಇಟ್ಟುಕೊಳ್ಳೋಣ. ಮೂವರು ಬಳಕೆದಾರರಿಗೆ ವರ್ಷಕ್ಕೆ 28,800 ರೂಪಾಯಿ, ಅದರ ಮೇಲೆ ಶೇ. 18 ಜಿಎಸ್‌ಟಿ 5,184 ರೂಪಾಯಿ, ಒಟ್ಟು 33,984 ರೂಪಾಯಿ. ಜಿಎಸ್‌ಟಿಯಲ್ಲಿ ಸಾಮಾನ್ಯ ನೋಂದಣಿ ಇರುವವರು ತಮ್ಮ ನೋಂದಣಿ ಸಂಖ್ಯೆಯಿರುವ ಬಿಲ್ ಪಡೆದರೆ ತೆರಿಗೆಯ ಭಾಗವನ್ನು ಹೂಡುವಳಿ ತೆರಿಗೆ ಜಮೆಯಾಗಿ (ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್) ಪಡೆಯಬಹುದು. ಕಾಂಪೊಸಿಷನ್ ಯೋಜನೆಯಲ್ಲಿರುವವರಿಗೆ ಆ ಸೌಲಭ್ಯವಿಲ್ಲ, ಪೂರ್ತಿ ಹಣ ಖರ್ಚೇ.

ಡಾಲರಿನಲ್ಲಿ ಬಿಲ್ ಮಾಡುವವರಾದರೆ ವಿನಿಮಯ ದರ ಮತ್ತು ಕಾರ್ಡಿನ ಶುಲ್ಕವನ್ನೂ ಸೇರಿಸಬೇಕು. ವಾಟ್ಸ್‌ಆ್ಯಪ್ ಜೋಡಣೆಯಿದ್ದರೆ ಅದಕ್ಕೂ ಪ್ರತ್ಯೇಕ ಶುಲ್ಕವಿರುತ್ತದೆ. ಕಾರ್ಡಿನಿಂದ ತಾನಾಗಿ ನಡೆಯುವ ನವೀಕರಣ ಪಾವತಿ 15,000 ರೂಪಾಯಿ ಮೀರಿದರೆ ರಿಸರ್ವ್ ಬ್ಯಾಂಕಿನ ನಿಯಮದಂತೆ ಪ್ರತಿ ಬಾರಿಯೂ ಹೆಚ್ಚುವರಿ ದೃಢೀಕರಣ ಬೇಕು. ನವೀಕರಣದ ದಿನಾಂಕ ಜುಲೈ ನಡುವೆ ಬಿದ್ದು, ತೋಟದ ಮನೆಯಲ್ಲಿ ಒಟಿಪಿ ಬರದೆ ಖಾತೆ ಸ್ಥಗಿತಗೊಳ್ಳುವ ಸಾಧ್ಯತೆ ಇಲ್ಲಿ ನಿಜವಾಗಿಯೂ ಇದೆ. ಹಾಗಾಗಿ ಆ ಹಣವನ್ನು ಗಡುವಿಗೆ ಮೊದಲೇ, ಸಿಗ್ನಲ್ ಇರುವ ದಿನ ಕಟ್ಟುವ ಅಭ್ಯಾಸ ಒಳ್ಳೆಯದು.

## ಹಂತ 6: ಕೆಲಸದ ಜಾಗದಲ್ಲೇ ಎರಡು ವಾರ ಪರೀಕ್ಷಿಸುವುದು

ಮಾರಾಟಗಾರರು ತಮ್ಮ ಕಂಪ್ಯೂಟರಿನಲ್ಲಿ ತೋರಿಸುವ ಡೆಮೊ ಪರೀಕ್ಷೆಯಲ್ಲ. ಮಡಿಕೇರಿಯ ಪೇಟೆಯಲ್ಲಿ ಕುಳಿತು ನೋಡುವುದೂ ಅಲ್ಲ. ನಿಮ್ಮ ಹೋಂಸ್ಟೇ ಭಾಗಮಂಡಲದ ಕಡೆಯಲ್ಲಿದ್ದರೆ ಅಲ್ಲೇ, ಗೋದಾಮು ಸೋಮವಾರಪೇಟೆಯ ಹೊರಗಿದ್ದರೆ ಅಲ್ಲೇ ಪರೀಕ್ಷಿಸಬೇಕು. ಮೂರನೆಯ ಹಂತದಲ್ಲಿ ಶುದ್ಧಗೊಳಿಸಿದ ಪಟ್ಟಿಯಿಂದ ಐವತ್ತು ಹೆಸರುಗಳನ್ನು ಮಾತ್ರ ಹಾಕಿ. ಮುಂದೆ ದಿನವೂ ಬಳಸುವವರು ಯಾರೋ ಅವರ ಕೈಗೇ ಫೋನ್ ಕೊಡಬೇಕು; ಮಾಲೀಕರು ಪಕ್ಕದಲ್ಲಿ ಕುಳಿತು ನೋಡಿದರೆ ಸಾಕು.

ಮೊದಲ ಪರೀಕ್ಷೆ ಏರೋಪ್ಲೇನ್ ಮೋಡ್‌ನದು. ಫೋನನ್ನು ಆ ಸ್ಥಿತಿಗೆ ತಂದು ಒಬ್ಬ ಹೊಸ ಗ್ರಾಹಕರ ವಿವರ ಬರೆಯಿರಿ, ಹಳೆಯ ಗ್ರಾಹಕರೊಬ್ಬರ ಟಿಪ್ಪಣಿ ಬದಲಿಸಿ. ಆ್ಯಪ್ ಅನ್ನು ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ. ಬರೆದದ್ದು ಉಳಿದಿದೆಯೇ? ಅದೇ ಹೊತ್ತಿನಲ್ಲಿ ಇನ್ನೊಂದು ಫೋನಿನಿಂದ ಅದೇ ಹಳೆಯ ಗ್ರಾಹಕರ ಟಿಪ್ಪಣಿಯನ್ನು ಬೇರೆ ರೀತಿ ಬದಲಿಸಿ, ನಂತರ ಮೊದಲ ಫೋನಿಗೆ ನೆಟ್‌ವರ್ಕ್ ಕೊಡಿ. ಎರಡು ಬದಲಾವಣೆಗಳಲ್ಲಿ ಯಾವುದು ಉಳಿಯಿತು, ಇನ್ನೊಂದರ ಕುರುಹಾದರೂ ಇತಿಹಾಸದಲ್ಲಿ ಇದೆಯೇ ಎಂದು ನೋಡಬೇಕು. ಸದ್ದಿಲ್ಲದೆ ಒಂದನ್ನು ಅಳಿಸಿಹಾಕುವ ತಂತ್ರಾಂಶವನ್ನು ಮಳೆನಾಡಿನಲ್ಲಿ ನಂಬಿ ಕೂರಲಾಗದು.

ಎರಡನೆಯದು ಹೊರತೆಗೆಯುವ ಪರೀಕ್ಷೆ. ಹಾಕಿದ ಐವತ್ತು ಹೆಸರುಗಳನ್ನು ಮತ್ತೆ ಎಕ್ಸೆಲ್‌ಗೆ ಇಳಿಸಿಕೊಳ್ಳಿ. ಐವತ್ತೂ ಇವೆಯೇ, ಕನ್ನಡ ಸರಿಯಾಗಿದೆಯೇ, ಟಿಪ್ಪಣಿಗಳು ಬಂದಿವೆಯೇ, ಅಥವಾ ಹೆಸರು ಮತ್ತು ನಂಬರ್ ಮಾತ್ರ ಬಂದು ಎರಡು ವಾರದ ಮಾತುಕತೆಯೆಲ್ಲ ಒಳಗೇ ಉಳಿದಿದೆಯೇ? ನನ್ನ ಮಟ್ಟಿಗೆ ಎಲ್ಲ ಪರೀಕ್ಷೆಗಳಲ್ಲಿ ಇದಕ್ಕೇ ಹೆಚ್ಚಿನ ಅಂಕ.

ಮೂರನೆಯದು ಸಹಾಯವಾಣಿ. ಶನಿವಾರ ಸಂಜೆ ಕರೆ ಮಾಡಿ ನೋಡಿ, ಏಕೆಂದರೆ ಹೋಂಸ್ಟೇಯವರಿಗೆ ತೊಂದರೆ ಬರುವುದು ಆಗಲೇ.

ಎರಡು ವಾರದ ಕೊನೆಗೆ ಬಳಸಿದವರನ್ನು ಕೇಳಬೇಕಾದ ಪ್ರಶ್ನೆ ಒಂದೇ: ಒಂದು ಫೋನ್ ಕರೆ ಮುಗಿದ ಮೇಲೆ ವಿವರ ಬರೆಯಲು ಎಷ್ಟು ಹೊತ್ತು ಹಿಡಿಯಿತು? ಒಂದು ನಿಮಿಷ ಮೀರುತ್ತಿದ್ದರೆ ಅಂಕಣಗಳು ಹೆಚ್ಚಾಗಿವೆ. ಕಡಿಮೆ ಮಾಡಿ ಮತ್ತೆ ನೋಡಿ.

## ಹಂತ 7: ಗ್ರಾಹಕರ ಮಾಹಿತಿ, ಸಂದೇಶ ಮತ್ತು ಖಾತೆಯ ಒಡೆತನ

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂದಿದೆ. ಗ್ರಾಹಕರ ಮಾಹಿತಿಯನ್ನು ಯಾವ ಉದ್ದೇಶಕ್ಕೆ ಪಡೆದೆವೋ ಅದಕ್ಕೆ ಮಾತ್ರ, ಅವರ ಒಪ್ಪಿಗೆಯ ಮೇರೆಗೆ ಬಳಸಬೇಕು ಎಂಬುದು ಅದರ ತಿರುಳು. ಮೂರನೆಯ ಹಂತದ ಒಪ್ಪಿಗೆಯ ಕಾಲಂ ಇದಕ್ಕಾಗಿ. ಅತಿಥಿಗಳ ಆಧಾರ್ ಅಥವಾ ಪಾಸ್‌ಪೋರ್ಟಿನ ಚಿತ್ರವನ್ನು ಸಿಆರ್‌ಎಂಗೆ ಸೇರಿಸುವ ಅಭ್ಯಾಸ ಕೆಲವು ಕಡೆ ಇದೆ. ಅದು ಬೇಡವೇ ಬೇಡ. ವಿದೇಶಿ ಅತಿಥಿಗಳ ವಿವರವನ್ನು 24 ಗಂಟೆಯೊಳಗೆ ಸರ್ಕಾರಕ್ಕೆ ಸಲ್ಲಿಸುವ ಹೊಣೆ ಬೇರೆ, ಅದಕ್ಕೆ ಸರ್ಕಾರದ ತಾಣವೇ ಇದೆ.

ಒಟ್ಟಾಗಿ ಎಸ್‌ಎಂಎಸ್ ಕಳುಹಿಸಬೇಕಾದರೆ ಟೆಲಿಕಾಂ ಪ್ರಾಧಿಕಾರದ ನಿಯಮದಂತೆ ಡಿಎಲ್‌ಟಿ ಎಂಬ, ಸಂದೇಶ ಕಳುಹಿಸುವವರನ್ನು ದಾಖಲಿಸುವ ವ್ಯವಸ್ಥೆಯಲ್ಲಿ ನೋಂದಣಿಯಾಗಬೇಕು. ವಾಟ್ಸ್‌ಆ್ಯಪ್ ಅನ್ನು ಸಿಆರ್‌ಎಂಗೆ ಅಧಿಕೃತವಾಗಿ ಜೋಡಿಸಿದಾಗ, ಗ್ರಾಹಕರು ಸಂದೇಶ ಕಳುಹಿಸಿದ 24 ಗಂಟೆಯೊಳಗೆ ಮಾತ್ರ ನಮ್ಮ ಮಾತಿನಲ್ಲಿ ಉತ್ತರಿಸಬಹುದು. ಆಮೇಲೆ ಮೊದಲೇ ಒಪ್ಪಿಗೆ ಪಡೆದ ಮಾದರಿ ಸಂದೇಶವನ್ನೇ ಕಳುಹಿಸಬೇಕು. ಈಗಿನ ನಂಬರನ್ನೇ ಜೋಡಿಸಿದರೆ ಫೋನಿನಲ್ಲಿರುವ ಆ್ಯಪ್ ಮುಂದುವರಿಯುತ್ತದೆಯೇ, ಹಳೆಯ ಸಂಭಾಷಣೆ ಉಳಿಯುತ್ತದೆಯೇ ಎಂಬುದಕ್ಕೆ ಲಿಖಿತ ಉತ್ತರ ಪಡೆಯದೆ ಒಪ್ಪಬೇಡಿ.

ಮುಖ್ಯ ಆಡಳಿತ ಖಾತೆ ಮಾಲೀಕರ ಹೆಸರಿನಲ್ಲೇ ಇರಬೇಕು. ಎರಡು ಹಂತದ ದೃಢೀಕರಣಕ್ಕೆ ಎಸ್‌ಎಂಎಸ್ ಬದಲು, ಫೋನಿನಲ್ಲೇ ಸಂಕೇತ ತಯಾರಿಸುವ ಅಥೆಂಟಿಕೇಟರ್ ಆ್ಯಪ್ ಬಳಸಿದರೆ ಸಿಗ್ನಲ್ ಇಲ್ಲದ ಫೋನಿನಲ್ಲೂ ಸಂಕೇತ ಸಿಗುತ್ತದೆ. ಫೋನ್ ಕಳೆದರೆ ಬೇಕಾಗುವ ಮರುಪಡೆಯುವಿಕೆಯ ಸಂಕೇತಗಳನ್ನು ಮುದ್ರಿಸಿ ಆಸ್ತಿಪತ್ರಗಳ ಜೊತೆ ಇಡಿ.

## ಹಂತ 8: ಹಣ ಕಟ್ಟುವಾಗ ಮತ್ತು ಮೊದಲ ತಿಂಗಳುಗಳಲ್ಲಿ

ಮೊದಲ ಮೂರು ತಿಂಗಳು ತಿಂಗಳ ಲೆಕ್ಕದಲ್ಲೇ ಕಟ್ಟಿ. ದರ ಸ್ವಲ್ಪ ಹೆಚ್ಚಾದರೂ ಅದೇ ಅಗ್ಗ. ಇವತ್ತೇ ಕಟ್ಟಿದರೆ ಅರ್ಧ ದರ ಎನ್ನುವುದು, ಮೂರು ವರ್ಷದ ಯೋಜನೆಗೆ ಒತ್ತಾಯಿಸುವುದು, ತೆರಿಗೆ ಬಿಟ್ಟು ದರ ಹೇಳುವುದು, ನಿಮ್ಮ ಆಡಳಿತ ಪಾಸ್‌ವರ್ಡ್ ಕೇಳುವುದು, ಪಟ್ಟಿ ಬೇಕಾದಾಗ ನಾವೇ ತೆಗೆದುಕೊಡುತ್ತೇವೆ ಎನ್ನುವುದು ಇವುಗಳಲ್ಲಿ ಯಾವುದು ಕಂಡರೂ ಮಾತುಕತೆಯನ್ನು ಅಲ್ಲಿಗೇ ಮುಗಿಸಬಹುದು.

ಬಳಕೆಗೆ ಒಂದು ದಿನಾಂಕ ನಿಗದಿಪಡಿಸಿ, ಆ ದಿನದಿಂದ ಹೊಸ ವಿಚಾರಣೆಗಳು ನೋಟ್‌ಬುಕ್ಕಿಗೆ ಹೋಗಬಾರದು. ಎರಡನ್ನೂ ಒಟ್ಟಿಗೆ ನಡೆಸಿದರೆ ಗೆಲ್ಲುವುದು ಯಾವಾಗಲೂ ನೋಟ್‌ಬುಕ್. ಕರೆಂಟ್ ಮತ್ತು ನೆಟ್‌ವರ್ಕ್ ಎರಡೂ ಹೋದ ದಿನಕ್ಕೆಂದು ಮಾತ್ರ ಒಂದು ಹಾಳೆ ಇರಲಿ. ಮರುದಿನ ಅದನ್ನು ಸೇರಿಸಿ ಹರಿದುಹಾಕಬೇಕು. ವಾರಕ್ಕೊಮ್ಮೆ ಪೂರ್ತಿ ಪಟ್ಟಿಯನ್ನು ಇಳಿಸಿ ಪೆನ್‌ಡ್ರೈವಿನಲ್ಲಿ ಇಡುವ ಕೆಲಸಕ್ಕೆ ಒಬ್ಬರ ಹೆಸರು ಹೇಳಿಬಿಡಿ.

ತಿಂಗಳ ಕೊನೆಗೆ ಗಮನಿಸಬೇಕಾದ ಎಚ್ಚರಿಕೆಯ ಗುರುತುಗಳು ಮೂರು. ಎಲ್ಲ ವಿಚಾರಣೆಗಳೂ ಮೊದಲ ಘಟ್ಟದಲ್ಲೇ ನಿಂತಿದ್ದರೆ ಯಾರೂ ಅದನ್ನು ತೆರೆದು ನೋಡುತ್ತಿಲ್ಲ. ಟಿಪ್ಪಣಿಗಳಲ್ಲಿ ‘ಕರೆ ಮಾಡಿದೆ’ ಎಂಬುದಷ್ಟೇ ಇದ್ದರೆ ನೆಪಕ್ಕೆ ತುಂಬಿಸುತ್ತಿದ್ದಾರೆ. ಎಲ್ಲವೂ ಒಬ್ಬರದೇ ಲಾಗಿನ್‌ನಿಂದ ಬರೆದಂತಿದ್ದರೆ ಪಾಸ್‌ವರ್ಡ್ ಹಂಚಿಕೊಂಡಿದ್ದಾರೆ. ಆಗ ಯಾರು ಯಾವ ದರ ಹೇಳಿದರು ಎಂಬುದು ತಿಳಿಯದು, ಮೊದಲ ಹಂತದಲ್ಲಿ ಹೇಳಿದ ತೊಂದರೆ ಹಾಗೆಯೇ ಉಳಿಯುತ್ತದೆ.

ಮೂರು ತಿಂಗಳಾದರೂ ಈ ಗುರುತುಗಳು ಹೋಗದಿದ್ದರೆ ಬಿಡುವುದೇ ಸರಿ, ಅದಕ್ಕೂ ಕ್ರಮವಿದೆ. ಮೊದಲು ಪಟ್ಟಿ ಮತ್ತು ಟಿಪ್ಪಣಿಗಳನ್ನು ಇಳಿಸಿಕೊಂಡು ತೆರೆದು ನೋಡಿ. ನಂತರ ಬ್ಯಾಂಕಿನ ಕಡೆಯಿಂದಲೂ ತಂತ್ರಾಂಶದ ಕಡೆಯಿಂದಲೂ ತಾನಾಗಿ ಹಣ ಹೋಗುವುದನ್ನು ನಿಲ್ಲಿಸಿ. ವಾಟ್ಸ್‌ಆ್ಯಪ್ ನಂಬರಿನ ಜೋಡಣೆಯನ್ನು ಬಿಡಿಸಿದ ಮೇಲೆಯೇ ಖಾತೆಯನ್ನು ಅಳಿಸಲು ಕೋರಿಕೆ ಕಳುಹಿಸಿ, ಗ್ರಾಹಕರ ಮಾಹಿತಿಯನ್ನು ಅಳಿಸಿದ ಬಗ್ಗೆ ಇಮೇಲ್ ಮೂಲಕ ದೃಢೀಕರಣ ಪಡೆದು ಇಟ್ಟುಕೊಳ್ಳಿ.